ಎರಡು ಶಾಕಿನ ಸೈಕಲ್ ಇನ್ನು ನಮ್ಮಲ್ಲಿಲ್ಲ: ಗ್ರಾಹಕರಿಗೆ ಪತ್ರ

ಬದಿಯಡ್ಕ
ಮೇ ತಿಂಗಳು

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಜೂನ್‌ನಲ್ಲಿ ಶಾಲೆ ಶುರು. ಅದಕ್ಕೆ ಮೊದಲು ಸೈಕಲ್ ಕೇಳಿಕೊಂಡು ಬರುವವರು ಜಾಸ್ತಿ, ಹಾಗಾಗಿ ಈ ವಿಷಯ ಈಗಲೇ ತಿಳಿಸುತ್ತಿದ್ದೇವೆ. ಮುಂದೊಂದು, ಸೀಟಿನ ಕೆಳಗೊಂದು ಶಾಕ್ ಅಬ್ಸಾರ್ಬರ್ ಇರುವ 26 ಇಂಚಿನ ಗೇರ್ ಸೈಕಲ್‌ಗಳನ್ನು ಇನ್ನು ನಾವು ತರಿಸುವುದಿಲ್ಲ. ಆ ಜಾಗಕ್ಕೆ 27.5 ಇಂಚು ಗಾಲಿಯ, ಹಿಂದೆ ಶಾಕ್ ಇಲ್ಲದ ಸೈಕಲ್‌ಗಳು ಬಂದಿವೆ. 24 ಇಂಚಿನದು ಮೊದಲಿನಂತೆ ಇರುತ್ತದೆ. 26ರಲ್ಲಿ ಹಿಂದೆ ಶಾಕ್ ಇಲ್ಲದ್ದು ಮಾತ್ರ. 29 ಒಂದೆರಡು ಇಟ್ಟಿರುತ್ತೇವೆ. ಇನ್ನೊಂದು ಬದಲಾವಣೆಯೂ ಉಂಟು. ಓಡಿಸುವವರೇ ಅಂಗಡಿಗೆ ಬಂದು, ಕಾಲಿನ ಅಳತೆ ಕೊಟ್ಟು, ಒಂದು ಸುತ್ತು ಓಡಿಸಿ ನೋಡಿದ ಮೇಲೆಯೇ ಬಿಲ್ ಮಾಡುತ್ತೇವೆ.

"ನೋಡ್ಲಿಕ್ಕೆ ಬೈಕಿನ ಹಾಗೇ ಉಂಟು, ಮಕ್ಕಳಿಗೆ ಅದೇ ಬೇಕು, ಯಾಕೆ ನಿಲ್ಲಿಸಿದ್ರಿ?" ಎಂದು ಈಗಾಗಲೇ ಕೆಲವರು ಕೇಳಿದ್ದಾರೆ. ನೋಡಲಿಕ್ಕೆ ಚಂದ ಹೌದು. ಆದರೆ ಕಡಿಮೆ ಬೆಲೆಯ ಸೈಕಲಿನಲ್ಲಿ ಹಿಂದಿನ ಶಾಕ್ ಅಂದರೆ ಒಂದು ದಪ್ಪ ಸ್ಪ್ರಿಂಗ್, ಅಷ್ಟೇ. ಅದರ ಕುಣಿತ ತಡೆಯುವ ವ್ಯವಸ್ಥೆ ಒಳಗೆ ಏನೂ ಇಲ್ಲ. ಚಡವು ಹತ್ತುವಾಗ ಪೆಡಲ್ ಒತ್ತಿದಷ್ಟು ಸಲ ಸೀಟು ಕೆಳಗೆ ಕೂರುತ್ತದೆ, ಮೇಲೆ ಏಳುತ್ತದೆ. ನಿಮ್ಮ ಕಾಲಿನ ಬಲ ಗಾಲಿಗೆ ಹೋಗುವ ಬದಲು ಸ್ಪ್ರಿಂಗಿಗೆ ಹೋಯಿತು. ಕಬ್ಬಿಣದ ಫ್ರೇಮ್, ಎರಡು ಸ್ಪ್ರಿಂಗ್, ಎಲ್ಲ ಸೇರಿ ತೂಕ 18 ಕಿಲೋ ದಾಟುತ್ತದೆ. ಪೆರ್ಲದ ಕಡೆಯ ಏರುಗಳಲ್ಲಿ ಅದನ್ನು ತುಳಿಯುವುದಕ್ಕಿಂತ ದೂಡಿಕೊಂಡು ಹೋಗುವುದೇ ಸುಲಭ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಹಿಂದಿನ ಗಾಲಿಯ ಭಾಗ ಫ್ರೇಮಿಗೆ ಸೇರುವಲ್ಲಿ ಒಂದು ಬೋಲ್ಟು, ಅದರ ಸುತ್ತ ಬಳೆಯಂಥ ಸಣ್ಣ ಬುಷ್ ಇರುತ್ತದೆ. ನಮ್ಮ ಕೆಂಪು ಮಣ್ಣಿನ ನೀರು ಅಲ್ಲಿಗೆ ಇಳಿದು ಅರೆಯುತ್ತಾ ಹೋಗುತ್ತದೆ. ರಿಪೇರಿಗೆ ಬಂದ ಸೈಕಲಿನ ಸೀಟು ಹಿಡಿದು ಹಿಂದಿನ ಗಾಲಿಯನ್ನು ಅಡ್ಡಕ್ಕೆ ಅಲ್ಲಾಡಿಸಿ ನೋಡಿ, 'ಟಕ್ ಟಕ್' ಎನ್ನುತ್ತದೆ. ಬುಷ್ ಹೋಗಿದೆ ಎಂದು ಲೆಕ್ಕ. ಅದೊಂದೇ ಬಿಡಿಯಾಗಿ ಸಿಗುವುದು ಕಷ್ಟ. ಕಡಿಮೆಗೆ ಸಿಕ್ಕಿತು ಎಂದು ಕೊಂಡ ಸೈಕಲ್ ಎರಡನೇ ಮಳೆಗಾಲಕ್ಕೆ ಮನೆಯ ಕೊಟ್ಟಿಗೆ ಸೇರುವುದು ಹೀಗೆ.

ಈಗ ಬೆಲೆ. ಗೇರ್ ಇಲ್ಲದ, ಶಾಕ್ ಇಲ್ಲದ 27.5 ಸೈಕಲ್ 9 ಸಾವಿರದ ಆಸುಪಾಸಿನಲ್ಲಿ ಬರುತ್ತದೆ. ಗೇರ್, ಮುಂದೆ ಶಾಕ್, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್ ಬೇಕಾದರೆ 14 ಸಾವಿರದಿಂದ ಮೇಲೆ. ಎರಡು ಶಾಕಿನದಕ್ಕಿಂತ ಸ್ವಲ್ಪ ಜಾಸ್ತಿಯೇ, ಸುಳ್ಳು ಹೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆ ಇಳಿಕೆ ಈ ಬೆಲೆಯಲ್ಲಿ ಸೇರಿದೆ. ಕೈಯಲ್ಲಿ ಇರುವ ದುಡ್ಡು ಇಷ್ಟೇ ಎಂದಾದರೆ ನಮ್ಮ ಸಲಹೆ ಹೀಗಿದೆ: ಶಾಕ್ ಬಿಡಿ, ಬೇಕಾದರೆ ಗೇರನ್ನೂ ಬಿಡಿ, ಬ್ರೇಕಿಗೆ ದುಡ್ಡು ಹಾಕಿ. ರಿಮ್ಮನ್ನು ಒತ್ತುವ ರಬ್ಬರ್ ಬ್ರೇಕ್ ಜೂನ್–ಜುಲೈಯ ಕೆಸರಿನಲ್ಲಿ ಬೇಗ ಸವೆಯುತ್ತದೆ, ರಿಮ್ಮನ್ನೂ ಸವೆಸುತ್ತದೆ. ಡಿಸ್ಕ್ ಗಾಲಿಯ ನಡುವೆ, ನೆಲದಿಂದ ಎತ್ತರದಲ್ಲಿ ಇರುವುದರಿಂದ ಅದಕ್ಕೆ ಅಷ್ಟು ಕೆಸರು ತಾಗುವುದಿಲ್ಲ. ಎಣ್ಣೆಯ ಹೈಡ್ರಾಲಿಕ್ ಬೇಕಾಗಿಲ್ಲ, ಕೇಬಲಿನ ಡಿಸ್ಕ್ ಸಾಕು. ಅದನ್ನು ಯಾವ ಊರಿನ ಮೆಕ್ಯಾನಿಕ್ ಕೂಡ ಬಿಗಿ ಮಾಡಿ ಕೊಡುತ್ತಾನೆ.

ಗಾಲಿಯ ಸೈಜಿನ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು, ಯಾಕೆಂದರೆ ಅಂಗಡಿಯಲ್ಲಿ ದಿನಾ ಚರ್ಚೆ ಆಗುವುದು ಇದೇ. ಅಪ್ಪಂದಿರು ಹೆಚ್ಚಾಗಿ ಹೇಳುವುದು, "ಬೆಳೀತಾನಲ್ಲ ಮಾರಾಯ್ರೇ, ದೊಡ್ಡದೇ ಕೊಡಿ." ಅಂಗಿ ಆದರೆ ಸರಿ, ಎರಡು ಗಾತ್ರ ದೊಡ್ಡದು ಹಾಕಬಹುದು. ಸೈಕಲ್ ನಿಲ್ಲಿಸುವಾಗ ಕಾಲು ನೆಲಕ್ಕೆ ತಾಗದಿದ್ದರೆ ಹುಡುಗ ಇಳಿಜಾರಿನಲ್ಲಿ ಬೀಳುತ್ತಾನೆ. ಸೈಕಲಿನ ಮೇಲಿನ ಪೈಪಿನ ಎರಡೂ ಕಡೆ ಕಾಲಿಟ್ಟು ನಿಂತಾಗ, ಪೈಪಿಗೂ ತೊಡೆಯ ಸಂದಿಗೂ ನಡುವೆ ಎರಡು ಇಂಚಾದರೂ ಜಾಗ ಬೇಕು. ಇದು ಮುಖ್ಯ. ವಯಸ್ಸು, ಕ್ಲಾಸು ಎಲ್ಲ ಆಮೇಲೆ.

ಮನೆಯಲ್ಲೇ ಅಳೆದುಕೊಂಡು ಬರಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಗೋಡೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ನೆಲದಿಂದ ಗೆರೆಯವರೆಗೆ ಎಷ್ಟು ಇಂಚು, ಅದನ್ನು ಬರೆದು ತನ್ನಿ.

ಎತ್ತರದ ಅಂದಾಜು ಬೇಕೆಂದರೆ, ಐದಡಿಗಿಂತ ಸ್ವಲ್ಪ ಆಚೀಚೆ ಇರುವವರಿಗೆ 26 ಸರಿಯಾಗುತ್ತದೆ. ಐದಡಿ ಎರಡಿಂಚಿನಿಂದ ಐದಡಿ ಎಂಟಿಂಚಿನವರೆಗೆ 27.5. ಅದರಿಂದ ಎತ್ತರದವರು 29 ನೋಡಬಹುದು. ಇದು ಬರೀ ಅಂದಾಜು, ಅದೇ ಗಾಲಿಯಲ್ಲಿ ಸಣ್ಣ ಫ್ರೇಮೂ ಇರುತ್ತದೆ, ದೊಡ್ಡದೂ ಇರುತ್ತದೆ.

ದೊಡ್ಡ ಗಾಲಿಯಿಂದ ಲಾಭ ಇಲ್ಲ ಎಂದಲ್ಲ. ಮುರಕಲ್ಲಿನ ಅಂಚು, ಮರದ ಬೇರು, ಗುಂಡಿ ಇವುಗಳ ಮೇಲೆ ದೊಡ್ಡ ಗಾಲಿ ಸಲೀಸಾಗಿ ಹತ್ತಿ ಇಳಿಯುತ್ತದೆ. ಚರಳು ಮಾರ್ಗದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಗೇರ್ ಅದೇ ಇದ್ದರೆ, ಪೆಡಲಿನ ಒಂದು ಸುತ್ತಿಗೆ 29ರ ಸೈಕಲ್ 26ಕ್ಕಿಂತ ಸುಮಾರು ಶೇ. 10 ಹೆಚ್ಚು ದೂರ ಹೋಗುತ್ತದೆ. ಕುಂಬಳೆ, ಉಪ್ಪಳದ ಸಮತಟ್ಟು ಮಾರ್ಗದಲ್ಲಿ ಅದು ಖುಷಿ. ಪೊಸಡಿಗುಂಪೆ ಗುಡ್ಡ ಹತ್ತುವಾಗ ಅದೇ ಶೇ. 10 ಮೊಣಕಾಲಿಗೆ ಬರುತ್ತದೆ. ಕಡಿಮೆ ಬೆಲೆಯ 29ರಲ್ಲಿ ರಿಮ್ಮೂ ಭಾರ, ಸ್ಪೋಕ್ ಉದ್ದ, ಬೆಂಡ್ ಬೇಗ ಬರುತ್ತದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕಿನ ಗಂಡಸರ ಚಿನ್ನ 29 ಇಂಚಿಗೆ ಹೋಯಿತು, ಬೆಳ್ಳಿ 27.5ಕ್ಕೆ. ಎರಡೂ ಒಳ್ಳೆಯವೇ. ಗುಡ್ಡದ ಊರಿಗೆ, ಮಧ್ಯಮ ಎತ್ತರದವರಿಗೆ, ಈ ಬೆಲೆಗೆ ನಾವು 27.5 ಎನ್ನುತ್ತೇವೆ.

ಈಗಾಗಲೇ 26 ಇರುವವರು ಹೆದರಬೇಡಿ. ಟಯರು, ಟ್ಯೂಬು, ಸ್ಪೋಕು ಎಲ್ಲ ಇಟ್ಟಿರುತ್ತೇವೆ. ಎರಡು ಶಾಕಿನ ಸೈಕಲ್ ನಮ್ಮಿಂದ ಕೊಂಡವರಿಗೂ ರಿಪೇರಿ ಮೊದಲಿನಂತೆಯೇ. ನಿಜ ಹೇಳಬೇಕೆಂದರೆ 26ಕ್ಕೂ 27.5ಕ್ಕೂ ಇರುವ ಅಂತರ ಹೆಸರಿನಲ್ಲಿ ಕಾಣುವಷ್ಟು ಇಲ್ಲ. ಟಯರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 26ಕ್ಕೆ 559 ಮಿ.ಮೀ., 27.5ಕ್ಕೆ 584. ಬರೀ 25 ಮಿ.ಮೀ., ಅಂದರೆ ಒಂದಿಂಚು. 29 ಆಗುವಾಗ 622ಕ್ಕೆ ಹಾರುತ್ತದೆ. ದಾರಿಯಲ್ಲಿ ಪಂಚರ್ ಆಗಿ ಬೇರೆ ಗತಿ ಇಲ್ಲದಿದ್ದರೆ 26ರ ಟ್ಯೂಬನ್ನೇ 27.5ಕ್ಕೆ ಹಾಕಿ ಮನೆ ಸೇರಬಹುದು. ಟಯರು ಮಾತ್ರ ಖಂಡಿತ ಆಗುವುದಿಲ್ಲ.

ಟಯರು ತರಲು ಮಕ್ಕಳನ್ನು ಕಳಿಸುವವರು ದಯವಿಟ್ಟು ಇದನ್ನು ಗಮನಿಸಿ. ಸುಮ್ನೆ "26ರ ಟಯರು" ಎಂದರೆ ನಮಗೆ ಗೊತ್ತಾಗುವುದಿಲ್ಲ. ಹಳೆಯ ಲೇಡೀಸ್ ಸೈಕಲಿನ 26 × 1⅜ ಟಯರಿನದು 590 ಮಿ.ಮೀ., ಗೇರ್ ಸೈಕಲಿನದು 559. ಒಂದು ಇನ್ನೊಂದಕ್ಕೆ ಕೂರುವುದೇ ಇಲ್ಲ. ತಮಾಷೆ ಎಂದರೆ, ಅಜ್ಜಂದಿರ ಕಪ್ಪು ಸೈಕಲಿನ 28 × 1½ ಗಾಲಿಯ ರಿಮ್ಮು 635, ಅಂದರೆ ಇವತ್ತಿನ 29ಕ್ಕಿಂತ ದೊಡ್ಡದು! ಟಯರಿನ ಪಕ್ಕದಲ್ಲಿ 54-559, 54-584 ಹೀಗೆ ಎರಡು ಅಂಕಿ ಅಚ್ಚಾಗಿರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮು. ಅದರ ಫೋಟೋ ತೆಗೆದು ವಾಟ್ಸಪ್ ಮಾಡಿದರೆ ಸಾಕು, ಎರಡು ಸಲ ಬಸ್ಸಿಗೆ ದುಡ್ಡು ಕೊಡುವುದು ತಪ್ಪುತ್ತದೆ.

ಎರಡು ಶಾಕಿನ ಸೈಕಲಿಗೆ ಮುಂಗಡ ಕೊಟ್ಟವರು ಆ ದುಡ್ಡನ್ನು ಪೂರ್ತಿ ವಾಪಸ್ ಪಡೆಯಬಹುದು, ಅಥವಾ ಬೇರೆ ಸೈಕಲಿಗೆ ಸೇರಿಸಬಹುದು. ಹಳೆಯ ಸೈಕಲ್ ಕೊಟ್ಟು ಹೊಸದು ಕೊಳ್ಳುವವರಿಗೆ ಎಕ್ಸ್‌ಚೇಂಜ್ ಮೊದಲಿನಂತೆ ಉಂಟು, ಬೆಲೆ ಸೈಕಲ್ ನೋಡಿ ಹೇಳುತ್ತೇವೆ.

ಹೊಸ ಸೈಕಲಿನ ಸ್ಪೋಕ್ ಮತ್ತು ಕೇಬಲ್ ಮೊದಲ ಒಂದು ತಿಂಗಳಲ್ಲಿ ಸಡಿಲ ಆಗುವುದು ಸಹಜ. ಹಾಗಾಗಿ ತಿಂಗಳು ತುಂಬುವಾಗ ಒಮ್ಮೆ ತನ್ನಿ, ಆ ಸರ್ವಿಸಿಗೆ ದುಡ್ಡಿಲ್ಲ. ಚೈನಿಗೆ ತೆಂಗಿನೆಣ್ಣೆ ಮಾತ್ರ ಹಾಕಬೇಡಿ. ಧೂಳು ಹಿಡಿದು ಅಂಟಾಗುತ್ತದೆ. ಅದು ಡಿಸ್ಕಿಗೆ ತಾಗಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಹೊಸ ಸೈಕಲಿನ ಜೊತೆ ಚೈನಿನ ಎಣ್ಣೆಯ ಸಣ್ಣ ಬಾಟಲಿ ನಾವೇ ಕೊಡುತ್ತೇವೆ.

ಓಡಿಸಿ ನೋಡಲು ಬೆಳಗ್ಗೆ ಬನ್ನಿ. ಸಂಜೆ ಶಾಲೆ, ಆಫೀಸು ಬಿಡುವ ಹೊತ್ತಿಗೆ ಪೇಟೆಯಲ್ಲಿ ವಾಹನ ಜಾಸ್ತಿ, ಮಕ್ಕಳಿಗೆ ಸೈಕಲ್ ಕೊಟ್ಟು ಕಳಿಸಲು ನಮಗೇ ಧೈರ್ಯ ಬರುವುದಿಲ್ಲ. ಕಾಲಿಗೆ ಶಾಲೆಗೆ ಹಾಕುವ ಶೂ ಅಥವಾ ಚಪ್ಪಲಿಯೇ ಇರಲಿ.

ಇತಿ,
ನಿಮ್ಮ ಸೈಕಲ್ ಅಂಗಡಿಯವರು
ಬದಿಯಡ್ಕ