ಕುಯ್ಲಿನ ದಿನಗಳಲ್ಲಿ ಮನಸ್ಸಿನ ಭಾರ ಇಳಿಸುವ ಬಗೆ

ಚಿ. ಪ್ರೀತಮ್‌ಗೆ ದೊಡ್ಡಮ್ಮನ ಆಶೀರ್ವಾದಗಳು.

ರೋಬಸ್ಟಾ ಕಾಫಿಯ ಕುಯ್ಲು ಅರ್ಧಕ್ಕೆ ಬಂದಿದೆ, ಕಣದ ತುಂಬ ಹಣ್ಣು ಹರಡಿದೆ, ಮೇಲೆ ಮೋಡ ಕಟ್ಟಿದೆ ಎಂದು ನಿನ್ನಮ್ಮ ಹೇಳಿದಳು. ನಿನಗೆ ನಿದ್ದೆಯಿಲ್ಲ, ಹೊಟ್ಟೆ ಉರಿ, ಮಾತೆತ್ತಿದರೆ ಸಿಟ್ಟು ಅಂತಲೂ ಹೇಳಿದಳು.

ಹನಿ ಬಿದ್ದ ಕೂಡಲೇ ಟಾರ್ಪಾಲು ಹೊದಿಸಲು ಓಡುವಾಗ ಎದೆ ಹೊಡೆದುಕೊಳ್ಳುವುದು ಕಾಯಿಲೆಯಲ್ಲ ಮಗಾ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಸೇರಿ ನಾಡಿಯನ್ನೂ ರಕ್ತದೊತ್ತಡವನ್ನೂ ಏರಿಸುತ್ತವೆ. ಕೆಲಸ ಮುಗಿದ ಮೇಲೆ ಎಲ್ಲ ತಾನಾಗಿ ಇಳಿಯಬೇಕು. ಇಳಿಯದೆ ರಾತ್ರಿಯವರೆಗೂ ಹಾಗೇ ಉಳಿದರೆ ನಿದ್ದೆ, ಜೀರ್ಣ, ತಾಳ್ಮೆ ಮೂರೂ ಕೆಡುತ್ತವೆ. ಮಳೆ, ಆನೆ, ಆಳು, ಬ್ಯಾಂಕು ನಿನ್ನ ಮಾತು ಕೇಳುವುದಿಲ್ಲ. ಮೈಯ ಬಿಗಿ ಇಳಿಯುವುದಕ್ಕೆ ದಾರಿ ಮಾಡಿಕೊಡುವುದು ಮಾತ್ರ ನಿನ್ನಿಂದ ಆಗುತ್ತದೆ.

ಮೊದಲು ಕಾಫಿ. ತೋಟದವನಿಗೆ ಹೇಳುವ ಮಾತಲ್ಲ, ಆದರೂ ಹೇಳಲೇಬೇಕು. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಕುಡಿದದ್ದರಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದ ಲೋಟದ ಅರ್ಧ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನ 2ರ ಮೇಲೆ ಬೇಡ. ಆದರೆ ಒಮ್ಮೆಲೇ ಬಿಟ್ಟರೆ ತಲೆ ಸಿಡಿಯುತ್ತದೆ, ‘ಇದು ನನಗಾಗದು’ ಎಂದು ಮರುದಿನವೇ ಶುರುಮಾಡುತ್ತೀಯ. ಮೂರು ನಾಲ್ಕು ದಿನಕ್ಕೊಂದು ಲೋಟದಂತೆ ಕಡಿಮೆ ಮಾಡು. ಖಾಲಿ ಹೊಟ್ಟೆಗೆ ಕುಡಿಯುವುದನ್ನೂ ಬಿಡು, ಹೊಟ್ಟೆ ಉರಿಗೆ ಅದೂ ಕಾರಣವಾಗಿರಬಹುದು.

ಆಮೇಲೆ ಫೋನು. ಲಂಡನ್ನಿನ ರೋಬಸ್ಟಾ ಮಾರುಕಟ್ಟೆ ಈ ಚಳಿಗಾಲದಲ್ಲಿ ನಮ್ಮ ಗಡಿಯಾರದ ರಾತ್ರಿ 11ರ ತನಕ ನಡೆಯುತ್ತದೆ. ಹಾಸಿಗೆಯಲ್ಲಿ ಕೂತು ಗಳಿಗೆಗೊಮ್ಮೆ ದರ ನೋಡಿದರೆ ಒಂದು ಮೂಟೆಯೂ ಹೆಚ್ಚಿಗೆ ಮಾರಾಟವಾಗುವುದಿಲ್ಲ, ಇಳಿಯಬೇಕಾದ ನಾಡಿ ಮತ್ತೆ ಏರುತ್ತದೆ ಅಷ್ಟೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಸಲ ನೋಡು, ಸಾಕು. ಮಲಗುವಾಗ ಫೋನು ಹಜಾರದಲ್ಲಿರಲಿ. ಆನೆ ಬಂತೆಂದು ಯಾರಾದರೂ ಕರೆ ಮಾಡಿದರೆ ಅಲ್ಲಿಂದಲೂ ಕೇಳಿಸುತ್ತದೆ.

ರಾತ್ರಿ ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎನ್ನುವುದು ಅರ್ಧ ನಿಜ. ಬೇಗ ಬರುತ್ತದೆ, ಆದರೆ ಮದ್ಯ ಕರಗುತ್ತಿದ್ದಂತೆ ನಡುರಾತ್ರಿ ಕಳೆದ ಮೇಲೆ ಎಚ್ಚರವಾಗುತ್ತದೆ. ರಾತ್ರಿ ಮೂರು ಗಂಟೆಗೆ ನಿನಗಾಗುವ ಎಚ್ಚರಕ್ಕೆ ಇದೂ ಕಾರಣವಿರಬಹುದು. ದಿನವೂ ಹೆಚ್ಚು ಕುಡಿಯುವ ಅಭ್ಯಾಸವಾಗಿದ್ದರೆ ಮಾತ್ರ ತಟ್ಟನೆ ಬಿಡಬೇಡ. ಕೈ ನಡುಕ, ಫಿಟ್ಸ್ ಬರುವ ಅಪಾಯವಿದೆ. ಡಾಕ್ಟರ ಹತ್ತಿರ ಹೇಳಿಕೊಂಡು ಬಿಡು.

ಉಸಿರಿನ ಅಭ್ಯಾಸ ಸುಲಭ, ಮಾಡುವವರು ತಪ್ಪಾಗಿ ಮಾಡುತ್ತಾರೆ. ಬೆನ್ನಿಗೆ ಆಸರೆ ಕೊಟ್ಟು ಕೂರು, ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ಮೆಲ್ಲಗೆ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಐದು ನಿಮಿಷ, ದಿನಕ್ಕೆರಡು ಸಲ. ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ನಿಧಾನವಾಗುತ್ತದೆ. ‘ದೀರ್ಘ ಉಸಿರು’ ಎಂದುಕೊಂಡು ಎದೆಯುಬ್ಬಿಸಿ ಜೋರಾಗಿ ಎಳೆದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹಾಗಾದರೆ ನಿಲ್ಲಿಸು, ಇನ್ನೂ ಸಣ್ಣ ಉಸಿರಿನಿಂದ ಶುರುಮಾಡು. ಎದೆ ಹೊಡೆದುಕೊಳ್ಳುವಾಗಲೇ ಮೊದಲ ಸಲ ಕಲಿಯಲು ಹೋದರೆ ಆಗುವುದಿಲ್ಲ, ಶಾಂತವಾಗಿರುವಾಗ ರೂಢಿಯಾಗಿರಬೇಕು.

ಸಂಜೆ ಆಳುಗಳ ಲೆಕ್ಕ ಮುಗಿದ ಮೇಲೆ ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಹದಿನೈದು ನಿಮಿಷ ಚಿಂತೆಗಳನ್ನು ಬರೆ. ‘ಸಾಲ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮಂಗಳವಾರ ಬ್ಯಾಂಕಿಗೆ ಹೋಗಿ ನವೀಕರಣದ ದಿನ ಕೇಳುವುದು’ ಎಂದು ಬರೆ. ಮಾಡಲು ಏನೂ ಇಲ್ಲದ ಚಿಂತೆಯ ಮುಂದೆ ಗೆರೆ ಎಳೆದು ಬಿಡು. ರಾತ್ರಿ ಅದೇ ಚಿಂತೆ ಎದ್ದರೆ, ಪುಸ್ತಕದಲ್ಲಿದೆ, ನಾಳೆ ಸಂಜೆ ನೋಡೋಣ ಎಂದುಕೊ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರು, ಗಡಿಯಾರ ನೋಡಬೇಡ. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಮಾತ್ರ ಒಂದೇ ಇರಲಿ.

ನಡಿಗೆಯೂ ಬೇಕು. ತೋಟ ಸುತ್ತುತ್ತೇನಲ್ಲ ಎನ್ನುತ್ತೀಯ. ಅದು ನಿಂತು ನಿಂತು ನಡೆಯುವ ಮೇಲ್ವಿಚಾರಣೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಂಥ ಬಿರುಸಿನಲ್ಲಿ ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ ಬೇಕು. ಮುಂಜಾವ, ಮುಸ್ಸಂಜೆ ಆನೆಗಳ ಹೊತ್ತು. ಬಿಸಿಲೇರಿದ ಮೇಲೆ ಟಾರು ರಸ್ತೆಯಲ್ಲಿ ನಡೆ.

ಎದೆನೋವು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಒತ್ತಡವೆಂದು ಸುಮ್ಮನಿರಬೇಡ, ತಕ್ಷಣ ಆಸ್ಪತ್ರೆಗೆ ಹೋಗು. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ತೋರಿಸು. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೇ. ಬದುಕು ಸಾಕೆನ್ನುವ ಯೋಚನೆ ಒಂದು ಸಲ ಸುಳಿದರೂ ಕೋವಿಯನ್ನೂ ಗಿಡಕ್ಕೆ ಹೊಡೆಯುವ ಔಷಧಿಯ ಕೋಣೆಯ ಬೀಗದ ಕೈಯನ್ನೂ ನಿನ್ನ ಚಿಕ್ಕಪ್ಪನ ಕೈಗೆ ಕೊಟ್ಟು ನನಗೆ ಫೋನು ಮಾಡು. ಯಾಕೆಂದು ಚಿಕ್ಕಪ್ಪ ಕೇಳುವುದಿಲ್ಲ, ನಾನು ಹೇಳಿಟ್ಟಿದ್ದೇನೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡ. ಈ ವಾರ ಕಾಫಿ ಮತ್ತು ಫೋನು, ಕುಯ್ಲು ಮುಗಿಯುವಷ್ಟರಲ್ಲಿ ಉಳಿದದ್ದು. ಭಾನುವಾರ ಅಮ್ಮನ ಕೈಯಲ್ಲಿ ಬಿಪಿ ಮಿಷನ್ ಕಳಿಸುತ್ತೇನೆ. ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಕಾಫಿ ಕುಡಿದು ಅರ್ಧ ಗಂಟೆಯಾದ ಮೇಲೆಯೇ ನೋಡು. 140/90 ದಾಟಿ ಮತ್ತೆ ಮತ್ತೆ ಬಂದರೆ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸು.

ಇಂತಿ,
ನಿನ್ನ ದೊಡ್ಡಮ್ಮ