ಕುಡಿ ಚಿವುಟಿ ಬಂದ ಕೈ

ಇದನ್ನು ಬರೆಯಲು ಕೂತಾಗ ಉಗುರಲ್ಲಿ ಇನ್ನೂ ಹಸಿರು ಮೆತ್ತಿತ್ತು. ಎರಡು ಸಲ ಸೋಪು ಹಾಕಿ ತೊಳೆದರೂ ಘಾಟು ಹೋಗಿಲ್ಲ. ಚೆಂಡು ಹೂವಿನ ಗಿಡ ಮುಟ್ಟಿದವರಿಗೆ ಇದು ಗೊತ್ತೇ ಇದೆ. ಹನ್ನೆರಡು ಸಸಿಗಳ ಕುಡಿ ಚಿವುಟಿ ಬಂದಿದ್ದೆ.

ಮೊದಲ ವರ್ಷ ಚಿವುಟಲು ಮನಸ್ಸೇ ಬರಲಿಲ್ಲ. ತುದಿಯಲ್ಲಿ ಕಡಲೆಕಾಳಿನಷ್ಟು ಮೊಗ್ಗು ಬೇರೆ. ಅದನ್ನು ಕೀಳೋದಾ? ಬಿಟ್ಟೆ. ಸಾಲದ್ದಕ್ಕೆ ವಾರವಾರವೂ ಗೊಬ್ಬರದ ನೀರು ಹೊಯ್ದೆ. ಗಿಡ ಸೊಂಟದೆತ್ತರ ಬೆಳೆಯಿತು, ಎಲೆಯೋ ಎಲೆ. ಹೂವು ಎಣಿಸಿ ನಾಲ್ಕು. ಒಂದು ಜೋರು ಮಳೆಗೆ ಗಿಡವೇ ಮಗುಚಿತು. ಸಾರಜನಕ ಜಾಸ್ತಿಯಾದರೆ ಗಿಡ ಎಲೆ ಬಿಡುತ್ತಾ ಹೂವನ್ನು ಮರೆಯುತ್ತದೆ ಅಂತ ಆಮೇಲೆ ತಿಳಿಯಿತು.

ಈಗ ಸಸಿ ಆರು ಇಂಚು ಆಗುತ್ತಲೇ ತುದಿ ಕಿತ್ತುಬಿಡುತ್ತೇನೆ. ಸ್ವಲ್ಪ ದಿನಕ್ಕೆ ಕೆಳಗಿನ ಎಲೆಗಳ ಸಂದಿಯಿಂದ ಜೋಡಿ ಜೋಡಿ ಕವಲು ಇಣುಕುತ್ತವೆ. ಹೂವು ಕೊಂಚ ತಡ, ಆದರೆ ಬುಟ್ಟಿ ತುಂಬುವಷ್ಟು. ಗಿಡ್ಡ ಜಾತಿಗೆ ಈ ಕಷ್ಟವಿಲ್ಲ, ಅದು ತಾನಾಗೇ ಕವಲೊಡೆಯುತ್ತದೆ.

ಬೀಜದ ಪೊಟ್ಟಣದ ಮೇಲೆ ಎತ್ತರದ ಜಾತಿಗೆ ‘ಆಫ್ರಿಕನ್’, ಗಿಡ್ಡದ್ದಕ್ಕೆ ‘ಫ್ರೆಂಚ್’ ಅಂತ ಇರುತ್ತದೆ. ಎರಡರ ತವರೂ ಮೆಕ್ಸಿಕೊ ಕಡೆ! ಊರು ಬಿಟ್ಟು ಬಂದವರನ್ನು ಯಾರೋ ಇನ್ಯಾವುದೋ ಊರಿನವರು ಅಂದುಕೊಳ್ಳುವುದು ನಮಗೇನು ಹೊಸದಲ್ಲ, ಅಲ್ವಾ?

ಉಳಿದದ್ದು ಸುಲಭ. ದಿನಕ್ಕೆ ಆರು ಗಂಟೆ ಬಿಸಿಲು, ಬುಡಕ್ಕೆ ಮಾತ್ರ ನೀರು. ಹಿಮ ಬೀಳುವ ಕಡೆ ಅದು ಪೂರ್ತಿ ನಿಂತ ಮೇಲೆಯೇ ಸಸಿ ಹೊರಗಿಡಿ. ಎಳೆ ಸಸಿಗಳನ್ನು ರಾತ್ರಿ ಬಸವನ ಹುಳು ಕಾಂಡದವರೆಗೂ ಮೇಯುತ್ತದೆ. ಟಾರ್ಚ್ ಹಿಡಿದು ಆರಿಸುವುದೇ ನನ್ನ ಉಪಾಯ.

ಬಾಡಿದ ಹೂವನ್ನು ಆಗಾಗ ಕಿತ್ತರೆ ಹೊಸ ಮೊಗ್ಗು ಬರುತ್ತಿರುತ್ತದೆ. ಕೊನೆಗೆ ನಾಲ್ಕೈದು ಹೂವು ಮಾತ್ರ ಗಿಡದಲ್ಲೇ ಒಣಗಲು ಬಿಡಿ. ಕಂದು ಬಣ್ಣಕ್ಕೆ ತಿರುಗಿದ ಹೂವಿನ ಬುಡ ಸೀಳಿದರೆ ಒಳಗೆ ಸೂಜಿಯಂಥ ಕಪ್ಪು ಬೀಜಗಳು, ತುದಿಗೆ ಹುಲ್ಲಿನ ಬಣ್ಣದ ಬಾಲ. ಕಾಲು ಇಂಚು ಮಣ್ಣಿನಡಿ ಹಾಕಿದರೆ, ಬೆಚ್ಚಗಿದ್ದಲ್ಲಿ ವಾರದೊಳಗೆ ಮೊಳಕೆ.

ನನ್ನ ಹತ್ತಿರ ಹೋದ ವರ್ಷದ ಬೀಜ ಒಂದು ಲಕೋಟೆ ತುಂಬ ಇದೆ. ಸಂಘದ ಮುಂದಿನ ಸಭೆಗೆ ತರುತ್ತೇನೆ, ಬೇಕಾದವರು ಒಂದೊಂದು ಚಿಟಿಕೆ ತೆಗೆದುಕೊಳ್ಳಿ. ಯಾವ ಬಣ್ಣ ಅಂತ ಮಾತ್ರ ಕೇಳಬೇಡಿ. ತಾಯಿ ಗಿಡ ಹೈಬ್ರಿಡ್, ಮಕ್ಕಳು ಯಾರ ಹಾಗೆ ಬರುತ್ತಾರೋ!