ನಾಝಲ್ ಜಾಗ ಬದಲು, ಫಿಲ್ಟರ್ ಕೂಡ ಬದಲು: ನೈಟ್ರಸ್ ಕಿಟ್ ಗ್ರಾಹಕರಿಗೆ ಒಂದು ಪತ್ರ

ನಮ್ಮಲ್ಲಿ ನೈಟ್ರಸ್ ಕಿಟ್ (ಬಲ ಹೆಚ್ಚಿಸಲು ಇಂಜಿನ್ನಿಗೆ ಬಾಟಲಿನಿಂದ ನೈಟ್ರಸ್ ಆಕ್ಸೈಡ್ ಗ್ಯಾಸ್ ಬಿಡುವ ಸಾಧನ) ಹಾಕಿಸಿಕೊಂಡ ಎಲ್ಲರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಇನ್ನು ಮುಂದೆ ಗ್ಯಾಸ್ ಜೊತೆ ಪೆಟ್ರೋಲನ್ನೂ ಚಿಮ್ಮಿಸುವ ವೆಟ್ ಕಿಟ್‌ನ ನಾಝಲ್ಲನ್ನು ಏರ್‌ಫ್ಲೋ ಸೆನ್ಸರ್ (ಇಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಭಾಗ) ಪಕ್ಕದಲ್ಲಿ ಕೂರಿಸುವುದಿಲ್ಲ, ಗಾಳಿಗೆ ಬಾಗಿಲಿನ ಹಾಗಿರುವ ಥ್ರಾಟಲ್ ಬಾಡಿ ಕಡೆಗೆ ಸರಿಸುತ್ತೇವೆ. ಎಣ್ಣೆ ಹಚ್ಚುವ ಕಾಟನ್ ಏರ್ ಫಿಲ್ಟರ್ ನಿಲ್ಲಿಸಿ ಒಣ ಪೇಪರ್ ಫಿಲ್ಟರ್ ಕೊಡುತ್ತೇವೆ. ಈಗಾಗಲೇ ಕಿಟ್ ಹಾಕಿಸಿದವರು ಗಾಡಿ ತನ್ನಿ, ಎರಡನ್ನೂ ಬದಲಿಸಿ ಕೊಡುತ್ತೇವೆ. ದುಡ್ಡು ಬೇಡ. ಅಲ್ಲಿಯವರೆಗೆ ಬಾಟಲ್ ವಾಲ್ವ್ ಮುಚ್ಚಿಯೇ ಇರಲಿ.

ಇಷ್ಟು ದಿನ ಸರಿ ಇತ್ತಲ್ಲ, ಈಗ ಏನಾಯ್ತು ಅಂತ ಕೇಳುತ್ತೀರಿ. ಒಂದು ಗಾಡಿ ವಾಪಸ್ ಬಂತು. 'ಓಡುತ್ತೆ, ಆದ್ರೆ ಮೊದಲಿನ ದಮ್ ಇಲ್ಲ' ಅನ್ನೋದು ದೂರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಲೈಟಿಗೆ ಹಿಡಿದೆವು. ಬಿಳಿ ಪಿಂಗಾಣಿಯ ಮೇಲೆ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳು. ಅದು ಅಲ್ಯೂಮಿನಿಯಂ, ಅಂದರೆ ಪಿಸ್ಟನ್ ಸವೆಯಲು ಶುರುವಾಗಿದೆ. ಆಮೇಲೆ ಏರ್‌ಫ್ಲೋ ಸೆನ್ಸರ್ ಹೊರತೆಗೆದೆವು. ತಂತಿಯ ಮೇಲೆ ಕಂದು ಬಣ್ಣದ ತೆಳು ಪದರ. ಜೊತೆಗೆ ಕೂದಲಿಗಿಂತ ಸಣ್ಣ ಒಂದು ಹತ್ತಿ ಎಳೆ, ಅದರ ತುಂಬಾ ಧೂಳು. ಆ ಎಳೆ ನಾವೇ ಮಾರಿದ ಫಿಲ್ಟರಿನದು.

ಈ ಸೆನ್ಸರ್ ಕೆಲಸ ಮಾಡುವ ರೀತಿ ಸುಲಭ. ಒಂದು ಸಣ್ಣ ತಂತಿಯನ್ನೋ ಫಿಲ್ಮನ್ನೋ ಕರೆಂಟ್ ಕೊಟ್ಟು ಗಾಳಿಗಿಂತ ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಹಾದುಹೋದಾಗ ಅದು ತಣ್ಣಗಾಗುತ್ತದೆ. ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟ್ ಬೇಕಾಯ್ತು ಅನ್ನುವುದೇ ಗಾಳಿಯ ಲೆಕ್ಕ. ತಂತಿಗೆ ಎಣ್ಣೆ, ಧೂಳಿನ ಕಂಬಳಿ ಹೊದಿಸಿದರೆ ಏನಾಗುತ್ತೆ? ಜೋರು ಗಾಳಿಯಲ್ಲೂ ಸರಿಯಾಗಿ ತಣ್ಣಗಾಗುವುದಿಲ್ಲ. ಗಾಳಿ ಕಡಿಮೆ ಇದೆ ಅಂತ ಇಂಜಿನ್ ಕಂಪ್ಯೂಟರ್ ಆದ ಇಸಿಯುಗೆ ಸುಳ್ಳು ವರದಿ ಹೋಗುತ್ತದೆ, ಪೆಟ್ರೋಲೂ ಕಡಿಮೆ ಬೀಳುತ್ತದೆ. ಹಳೆ ಬಾಷ್ ಎಲ್‌ಎಚ್-ಜೆಟ್ರಾನಿಕ್ ಗಾಡಿಗಳಲ್ಲಿ ಇಂಜಿನ್ ಆಫ್ ಮಾಡಿದ ಮೇಲೆ ತಂತಿಯನ್ನು ಒಂದು ಸೆಕೆಂಡ್ ಸುಮಾರು 1000 ಡಿಗ್ರಿಗೆ ಕಾಯಿಸಿ ಕೊಳೆ ಸುಟ್ಟುಬಿಡುತ್ತಿದ್ದರು. ಚೆನ್ನಾಗಿತ್ತು ಆ ಉಪಾಯ. ಈಗಿನ ಫಿಲ್ಮ್ ಸೆನ್ಸರ್‌ಗಳಲ್ಲಿ ಅದು ಇಲ್ಲ.

ದಿನದ ಓಡಾಟದಲ್ಲಿ ಈ ಸುಳ್ಳು ಗೊತ್ತೇ ಆಗುವುದಿಲ್ಲ. ಆಕ್ಸಿಜನ್ ಸೆನ್ಸರ್ ಹೊಗೆ ಮೂಸಿ ಮೂಸಿ ಲೆಕ್ಕ ಸರಿಮಾಡುತ್ತಾ ಇರುತ್ತದೆ. ಆದರೆ ಆಕ್ಸಿಲೇಟರ್ ಪೂರ್ತಿ ಒತ್ತಿದಾಗ ಹೆಚ್ಚಿನ ಗಾಡಿಗಳ ಇಸಿಯು ಅದರ ಮಾತು ಬಿಟ್ಟು ಏರ್‌ಫ್ಲೋ ಸೆನ್ಸರನ್ನೇ ನಂಬುತ್ತದೆ. ನೀವು ನೈಟ್ರಸ್ ಬಿಡುವುದೂ ಸರಿಯಾಗಿ ಅದೇ ಹೊತ್ತಿಗೆ, ಅಲ್ವಾ? ನೈಟ್ರಸ್‌ಗೆ ಬೇಕಾದ ಪೆಟ್ರೋಲು ನಾಝಲ್‌ನಿಂದಲೇ ಬರುತ್ತಲ್ಲ ಅನ್ನಬಹುದು. ಬರುತ್ತೆ. ಆದರೆ ಗಾಳಿಗೆ ಬೇಕಾದ ಪೆಟ್ರೋಲು ಸೆನ್ಸರ್ ಹೇಳಿದಷ್ಟೇ. ಗಾಳಿಯ ತೂಕದಲ್ಲಿ ಆಕ್ಸಿಜನ್ ಶೇ. 23, ನೈಟ್ರಸ್‌ನಲ್ಲಿ ಶೇ. 36. ಆಕ್ಸಿಜನ್ ಜಾಸ್ತಿ ಆದಷ್ಟೂ ಉರಿಯ ಬಿಸಿ ಜಾಸ್ತಿ. ಸುಮ್ನೆ ಓಡುವಾಗ ಇಂಜಿನ್ ಹೇಗೋ ತಡೆದುಕೊಳ್ಳುತ್ತಿದ್ದ ಸಣ್ಣ ಕೊರತೆ ಆ ಬಿಸಿಯಲ್ಲಿ ನಾಕಿಂಗ್ (ಪೆಟ್ರೋಲ್-ಗಾಳಿ ಮಿಶ್ರಣ ತಾನಾಗೇ ಸಿಡಿಯುವುದು) ಆಗಿ, ಪಿಸ್ಟನ್ ಅಂಚನ್ನು ತಿನ್ನುತ್ತದೆ.

ಕೊಳೆ ಬಂದದ್ದು ಎರಡು ದಾರಿಯಲ್ಲಿ. ಒಂದು ಫಿಲ್ಟರ್ ಎಣ್ಣೆ. ತೊಳೆದ ಮೇಲೆ ಎಣ್ಣೆ ಹಚ್ಚಿ ಅಂದಿದ್ದೆವು, ಎಷ್ಟು ಅಂತ ಹೇಳಿರಲಿಲ್ಲ. ಜಾಸ್ತಿ ಹಚ್ಚಿದರೆ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸುತ್ತೆ. ಇನ್ನೊಂದು ನಾಝಲ್. ಪೈಪಿನಲ್ಲಿ ನೇರವಾದ ಜಾಗ ಸಿಕ್ಕಿತು ಅಂತ ಸೆನ್ಸರ್ ದಾಟಿದ ಕೂಡಲೇ ತೂತು ಕೊರೆದು ಕೂರಿಸುತ್ತಿದ್ದೆವು. ಗಾಳಿ ಒಳಗೆ ಹೋಗುವಾಗ ತೊಂದರೆ ಇಲ್ಲ. ಥ್ರಾಟಲ್ ಪಟಕ್ಕನೆ ಮುಚ್ಚಿದಾಗ ಗಾಳಿಯ ಅಲೆ ಹಿಂದಕ್ಕೆ ಹೊಡೆಯುತ್ತದೆ, ಪೈಪಿನಲ್ಲಿ ಉಳಿದ ಪೆಟ್ರೋಲ್ ಹಬೆ ಸೀದಾ ತಂತಿಗೆ ಬಡಿಯುತ್ತದೆ. ಬ್ಯಾಕ್‌ಫೈರ್ ಆದರಂತೂ ಸೆನ್ಸರ್ರೇ ಒಡೆದುಹೋಗಬಹುದು.

ನಾಝಲ್ ಸರಿಸುವಾಗ ಹಳೆ ತೂತಿಗೆ ಬಿರಡೆ ಬಡಿಯುವುದಿಲ್ಲ, ಪೈಪನ್ನೇ ಹೊಸದು ಹಾಕುತ್ತೇವೆ. ಸೆನ್ಸರ್ ದಾಟಿದ ಮೇಲೆ ಎಲ್ಲಿ ಗಾಳಿ ಸೋರಿ ಒಳಬಂದರೂ ಅದು ಲೆಕ್ಕಕ್ಕೆ ಸಿಗದ ಗಾಳಿ.

ಬೇರೆ ಕಡೆ, ನಾಝಲ್ಲಿನಲ್ಲಿ ಗ್ಯಾಸ್ ಮಾತ್ರ ಬರುವ ಡ್ರೈ ಕಿಟ್ ಹಾಕಿಸಿದವರು ಒಂದು ಗಮನಿಸಿ. ಕೆಲವು ಡ್ರೈ ಕಿಟ್‌ಗಳ ನಾಝಲ್ ಬೇಕಂತಲೇ ಗಾಳಿ ಸೆನ್ಸರ್ ತಲುಪುವ ಮೊದಲೇ ಇರುತ್ತದೆ. ತಣ್ಣನೆ ಗ್ಯಾಸ್ ತಾಗಿ ಸೆನ್ಸರ್ ಜಾಸ್ತಿ ಗಾಳಿ ತೋರಿಸುತ್ತದೆ, ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಈ ಪತ್ರ ಓದಿ ಅದನ್ನು ಸರಿಸಲು ಹೋಗಬೇಡಿ!

ಸೆನ್ಸರ್ ಮನೆಯಲ್ಲೇ ಕ್ಲೀನ್ ಮಾಡುತ್ತೇವೆ ಅನ್ನುವವರಿಗೆ: ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಕನೆಕ್ಟರ್ ತೆಗೆಯಿರಿ. ಏರ್‌ಫ್ಲೋ ಸೆನ್ಸರ್‌ಗೆ ಅಂತಲೇ ಬರುವ ಸ್ಪ್ರೇ ಮಾತ್ರ ಬಳಸಿ. ಬ್ರೇಕ್ ಕ್ಲೀನರ್, ಕಾರ್ಬ್ ಕ್ಲೀನರ್ ಪ್ಲಾಸ್ಟಿಕ್ಕನ್ನೇ ತಿನ್ನಬಹುದು. ಹತ್ತಿ, ಬ್ರಷ್, ಬೆರಳು ಯಾವುದೂ ತಾಗಬಾರದು. ಕಂಪ್ರೆಸರ್ ಗಾಳಿಯೂ ಬೇಡ, ತಂತಿ ತುಂಡಾಗುತ್ತದೆ. ತಾನಾಗೇ ಪೂರ್ತಿ ಒಣಗಲಿ, ಸ್ಪ್ರೇಗೆ ಬೆಂಕಿ ಹತ್ತುತ್ತೆ ಅನ್ನುವುದು ನೆನಪಿರಲಿ. ಹಾಕುವಾಗ ಬಾಣದ ಗುರುತು ಇಂಜಿನ್ ಕಡೆಗೆ. ಆಮೇಲೆ ಕೆಲವು ದಿನ ಬಾಟಲ್ ತೆರೆಯದೆ ಗಾಡಿ ಓಡಿಸಿ. ಕೊಳೆ ಸೆನ್ಸರ್‌ಗೆ ಹೊಂದಿಕೊಂಡಿದ್ದ ಇಸಿಯು ಹೊಸ ಲೆಕ್ಕ ಕಲಿಯಬೇಕು.

ಸ್ಕ್ಯಾನರ್ ಇದ್ದವರು ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿ ನೋಡಿ. 2 ಲೀಟರ್ ಇಂಜಿನ್ನಿಗೆ ಸೆಕೆಂಡಿಗೆ ಸುಮಾರು 2 ಗ್ರಾಂ ಗಾಳಿ, ಅಂದಾಜು ಲೆಕ್ಕ ಇದು. ನಾವು ಹೆಚ್ಚು ನಂಬುವುದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ಮನ್ನು (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ), ಅದೂ ಗಾಡಿ ಓಡುವಾಗ. ಅದು ಪ್ಲಸ್ ಶೇ. 10 ದಾಟಿದ್ದರೆ ಬಾಟಲ್ ತೆರೆಯಬೇಡಿ, ನಮಗೆ ಫೋನ್ ಮಾಡಿ.

ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ, ಬರುವ ಮೊದಲು ತಿಳಿಸಿ. ಪ್ಲಗ್ ಬಿಚ್ಚಿ ನೋಡುವುದೂ ಅದರಲ್ಲೇ ಸೇರಿದೆ. ಆ ಚುಕ್ಕೆಗಳು ನಿಮ್ಮ ಗಾಡಿಯಲ್ಲೂ ಕಂಡರೆ ಮುಚ್ಚಿಡುವುದಿಲ್ಲ, ಪ್ಲಗ್ಗನ್ನು ನಿಮ್ಮ ಕೈಗೇ ಕೊಟ್ಟು ತೋರಿಸುತ್ತೇವೆ.

ಇತಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ